ವನದೇವತೆ ಕಾಡಿಗೆ ಏಕೆ ಅಂಟುತ್ತಿಲ್ಲ?

ಪ್ರಶ್ನೆ: ತೊಗಟೆ ಮೈ, ಎಲೆಗೂದಲಿನ ವನದೇವತೆಯನ್ನು ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ್ದೇನೆ. ಅವಳೂ ಚೆನ್ನಾಗಿದ್ದಾಳೆ, ಹಿಂದಿನ ಕಾಡೂ ಚೆನ್ನಾಗಿದೆ. ಎರಡೂ ಸೇರಿದರೆ ಮಾತ್ರ ಅವಳನ್ನು ಕತ್ತರಿಸಿ ಅಂಟಿಸಿದಂತಿದೆ. ಸುತ್ತ ಹಸಿರು ಗ್ಲೋ ಕೊಟ್ಟೆ, ಇನ್ನೂ ಕೆಟ್ಟಿತು. ಯಾವ ಬ್ಲೆಂಡಿಂಗ್ ಮೋಡ್ (ಒಂದು ಲೇಯರ್, ಅಂದರೆ ಪದರ, ಕೆಳಗಿನ ಪದರದೊಂದಿಗೆ ಬೆರೆಯುವ ಬಗೆ) ಹಾಕಲಿ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಹಾಗಾಗಿ ಇವತ್ತು ಹೆಚ್ಚಿನ ಜಾಗ ಇದಕ್ಕೇ. ಮೊದಲು ಆ ಗ್ಲೋ ಲೇಯರ್ ಅಳಿಸಿ. ಅವಳನ್ನು ಬಿಳಿ ಕ್ಯಾನ್ವಾಸಿನ ಮೇಲೆ ಪೂರ್ತಿ ಮುಗಿಸಿ ಆಮೇಲೆ ಕಾಡಿಗೆ ತಂದು ನಿಲ್ಲಿಸಿದ್ದೀರಿ. ಬಿಳಿ ಕೋಣೆಯ ಬೆಳಕನ್ನು ಮೈಮೇಲೆ ಹೊತ್ತು ಬಂದವಳನ್ನು ಯಾವ ಮೋಡೂ ಕಾಡಿನವಳನ್ನಾಗಿ ಮಾಡುವುದಿಲ್ಲ.

ಮರದಡಿಯ ಬೆಳಕನ್ನು ಕಲಿಯಿರಿ. ಎಲೆಯ ಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರಿಕೊಳ್ಳುತ್ತದೆ, ಆದ್ದರಿಂದ ಎಲೆಯನ್ನು ತೂರಿ ಬರುವ ಬೆಳಕು ಹಳದಿ ಬೆರೆತ ಗಾಢ ಹಸಿರು. ಅದೇ ಎಲೆಯ ನುಣುಪಾದ ಮೇಲ್ಮೈ ಆಕಾಶವನ್ನು ಪ್ರತಿಫಲಿಸುವುದರಿಂದ ಮೇಲಿನಿಂದ ನೀಲಿ ಛಾಯೆಯಲ್ಲಿ, ತಣ್ಣಗೆ ಕಾಣುತ್ತದೆ. ಹೆಚ್ಚಿನವರು ಎರಡಕ್ಕೂ ಒಂದೇ ಹಸಿರು ಬಳಿದುಬಿಡುತ್ತಾರೆ. ಅವಳ ನೆತ್ತಿ, ಭುಜ, ಮೂಗಿನ ಏಣು ಮೇಲಿನ ಎಲೆಗಳನ್ನು ತೂರಿ ಬಂದ ಹಸಿರನ್ನು ಹಿಡಿಯಬೇಕು. ಗಲ್ಲದ ಕೆಳಗೆ, ತೋಳಿನ ಅಡಿಯಲ್ಲಿ ನೆಲದ ಒಣಗೆಲೆಯ ಕಂದು ಏರಬೇಕು. ಹಸಿರು ಬೆಳಕಿನಲ್ಲಿ ಕೆಂಪು ಕಡಿಮೆ ಇರುವುದರಿಂದ ತುಟಿಯ ಕೆಂಪು ಅಲ್ಲಿ ಮಂಕು ಕಂದಾಗುತ್ತದೆ. ಫೋಟೋದಿಂದ ಬಣ್ಣ ಎತ್ತಿಕೊಳ್ಳುವವರು ಇಲ್ಲೇ ಮೋಸಹೋಗುತ್ತಾರೆ: ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲೆಂದು ಬಣ್ಣ ಸರಿಪಡಿಸುವ ವ್ಯವಸ್ಥೆ) ಆ ಹಸಿರನ್ನು ಬಹುಪಾಲು ತಾನೇ ತೆಗೆದುಹಾಕಿರುತ್ತದೆ.

ಇನ್ನು ಬಿಸಿಲ ಮಚ್ಚೆಗಳು. ಎಲೆಯಾಕಾರದ ಬ್ರಷ್‌ನಲ್ಲಿ ಮೈತುಂಬ ಚೂಪು ಚೂಪಾಗಿ ಚಿಮುಕಿಸಿದ್ದೀರಿ. ಎತ್ತರದ ಎಲೆಗಳ ನಡುವಿನ ಸಣ್ಣ ಸಂದು ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡುತ್ತದೆ, ಕೆಳಗೆ ಬೀಳುವ ಒಂದೊಂದು ಮಚ್ಚೆಯೂ ಸೂರ್ಯನ ಬಿಂಬ. ಅದಕ್ಕೇ ಅವು ದುಂಡಗೆ, ಅಂಚು ಮಸುಕಾಗಿ ಇರುತ್ತವೆ, ಪಾರ್ಶ್ವ ಸೂರ್ಯಗ್ರಹಣದ ದಿನ ಕುಡುಗೋಲಿನ ಆಕಾರ ತಾಳುತ್ತವೆ. ಸಂದು 10 ಮೀಟರ್ ದೂರದಲ್ಲಿದ್ದರೆ ಮಚ್ಚೆಯ ಅಗಲ ಸುಮಾರು 9 ಸೆಂಟಿಮೀಟರ್. ಅಂದರೆ ಒಂದೇ ಮಚ್ಚೆ ಕೆನ್ನೆಯನ್ನು ಪೂರ್ತಿ ತುಂಬುತ್ತದೆ! ಎಲೆಯ ಆಕಾರದ ಚೂಪು ನೆರಳು ಬೇಕಿದ್ದರೆ ಎಲೆ ಅವಳ ಮೈಗೆ ಗೇಣು ದೂರದಲ್ಲಿರಬೇಕು. ಮಚ್ಚೆ ಭುಜದ ಉಬ್ಬಿನ ಮೇಲೆ ಬಾಗಲಿ, ಅಲ್ಲಿಂದ ಜಾರಿ ಹಿಂದಿನ ಕಾಂಡದ ಮೇಲೂ ಮುಂದುವರಿಯಲಿ. ಅವಳನ್ನೂ ಕಾಡನ್ನೂ ಹೊಲಿಯುವ ದಾರ ಅದೇ. ಪಾದ ನೆಲಕ್ಕೆ ತಾಗುವ ಕಡೆ ಗಾಢ ನೆರಳಿರಲಿ, ಒಂದೆರಡು ಎಲೆ ಬೆರಳುಗಳ ಮೇಲೆ ಬಿದ್ದಿರಲಿ. ಮೈಯಂಚು ಹಿನ್ನೆಲೆಯಷ್ಟೇ ಕಪ್ಪಾಗುವ ಜಾಗದಲ್ಲಿ ಗೆರೆಯನ್ನು ಕಳೆದುಹೋಗಲು ಬಿಡಿ. ಸುತ್ತಲೂ ಗೆರೆ ಕಾಪಾಡುವ ಹಟದಿಂದಲೇ ಅವಳು ಸ್ಟಿಕ್ಕರ್ ಆಗಿರುವುದು.

ಇನ್ನೊಂದು ನಿರ್ಧಾರ ಮೊದಲೇ ಆಗಬೇಕು: ಅವಳ ಮೈಯಲ್ಲಿ ಹರಿಯುವುದು ರಕ್ತವೋ, ಮರದ ರಸವೋ? ರಕ್ತವಾದರೆ ಹಿಂಬೆಳಕಿನಲ್ಲಿ ಕಿವಿಯಂಚು ಕೆಂಪಾಗಿ ಹೊಳೆಯುತ್ತದೆ. ರಸವಾದರೆ ಅದೇ ಅಂಚು ಚಿಗುರೆಲೆಯಂತೆ ಹಳದಿ ಹಸಿರಾಗಲಿ. ಎರಡನ್ನೂ ಬೆರೆಸಿದ ಚಿತ್ರದಲ್ಲಿ ನನಗೆ ಬಣ್ಣ ಬಳಿದುಕೊಂಡ ಮನುಷ್ಯಳೇ ಕಾಣುತ್ತಾಳೆ.

ಗ್ಲೋ ಬೇಕೇ ಬೇಕೆಂದರೆ ಕಾಡನ್ನು ಕತ್ತಲಾಗಿಸಿ. ಅವಳ ಬೆಳಕು ಪಕ್ಕದ ಎಲೆ, ಕಲ್ಲುಗಳ ಮೇಲೆ ಬಿದ್ದು, ದೂರ ಹೋದಂತೆ ಬೇಗ ಕುಂದಬೇಕು. ಔಟರ್ ಗ್ಲೋ ಎಫೆಕ್ಟ್ ಏನನ್ನೂ ಬೆಳಗುವುದಿಲ್ಲ, ಆಕೃತಿಯ ಸುತ್ತ ಮಂಜು ಕಟ್ಟುತ್ತದೆ, ಅಷ್ಟೇ.

ಪ್ರಶ್ನೆ: ತೊಗಟೆ ಮೈಗೆ ಬಟ್ಟೆ ಸುತ್ತಿದಂತೆ ಕಾಣುತ್ತದಲ್ಲ?

ತೊಗಟೆಯ ಫೋಟೋವನ್ನೇ ಟೆಕ್ಸ್ಚರ್ ಆಗಿ ಮೈಮೇಲೆ ಹಾಸಿದ್ದೀರಿ, ತೆಗೆಯಿರಿ. ಒಳಗಿನ ಕಾಂಡ ದಪ್ಪವಾದಂತೆ ಹೊರಗಿನ ಸತ್ತ ತೊಗಟೆ ಹಿಗ್ಗಲಾರದೆ ಸೀಳುತ್ತದೆ. ಆ ಸೀಳು ತೋಳಿನ ಉದ್ದಕ್ಕೆ ಓಡಲಿ, ಮೊಣಕೈ ಮಡಚುವಲ್ಲಿ ಬಾಯಿ ಬಿಡಲಿ.

ಪ್ರಶ್ನೆ: ಕೈಯ ಒತ್ತಡವನ್ನು 8192 ಮಟ್ಟಗಳಲ್ಲಿ ಗುರುತಿಸುವ ಟ್ಯಾಬ್ಲೆಟ್ ಪೆನ್ ಕೊಂಡರೆ ಕೈ ಸುಧಾರಿಸುತ್ತದೆಯೇ?

ಇಲ್ಲ.

ಪ್ರಶ್ನೆ: ವನದೇವತೆಗೆಂದೇ ಬ್ರಷ್ ಪ್ಯಾಕ್, ಜೊತೆಗೆ ಚರ್ಮದ ಬಣ್ಣದ ಕೋಡ್ ಪಟ್ಟಿ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಕೊಳ್ಳಬೇಡಿ. ಬೆಳಕು ಬದಲಾದರೆ ಚರ್ಮದ ಬಣ್ಣವೂ ಬದಲಾಗುತ್ತದೆ, ಅದಕ್ಕೆ ಕಾಯಂ ಕೋಡ್ ಎಲ್ಲಿಂದ ಬರಬೇಕು? ಹೊಸಬರ ಅಂಜಿಕೆಯನ್ನು ಬಂಡವಾಳ ಮಾಡಿಕೊಂಡವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಒಂದು ಗಟ್ಟಿ ಅಂಚಿನ, ಒಂದು ಮೆದು ಅಂಚಿನ ದುಂಡು ಬ್ರಷ್ ಸಾಕು.

ಪ್ರಶ್ನೆ: ಕಪ್ಪು ಬಣ್ಣ ಮುಟ್ಟಲೇಬಾರದಂತೆ, ಹೌದೇ?

ಮರದ ಪೊಟರೆಯೊಳಗೆ ಬೇರೆ ಏನು ಬಳಿಯುತ್ತೀರಿ?

ಪ್ರಶ್ನೆ: ತೆರೆಯ ಮೇಲೆ ಮಿಂಚುತ್ತಿದ್ದ ಹಸಿರು ಪ್ರಿಂಟ್‌ನಲ್ಲಿ ಸತ್ತುಹೋಯಿತು. ಏಕೆ?

ತೆರೆಯ ಕಡು ಹಸಿರುಗಳಲ್ಲಿ ಹಲವು ನಾಲ್ಕು ಬಣ್ಣದ ಶಾಯಿಗೆ ಎಟುಕುವುದಿಲ್ಲ. ಮುಗಿದ ಮೇಲೆ ಪರದಾಡುವ ಬದಲು ನಡುನಡುವೆಯೇ ಸಾಫ್ಟ್ ಪ್ರೂಫ್ (ಪ್ರಿಂಟ್‌ನಲ್ಲಿ ಬಣ್ಣ ಹೇಗೆ ಬರುತ್ತದೆಂದು ತೆರೆಯ ಮೇಲೆಯೇ ತೋರಿಸುವ ಸೌಲಭ್ಯ) ಹಾಕಿ ನೋಡಿ. ಕಡತದ ಅಳತೆಯೂ ಮೊದಲ ದಿನವೇ ಗೊತ್ತುಮಾಡಿಕೊಳ್ಳಿ: ಎ3 ಹಾಳೆಗೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 3508 × 4961 ಪಿಕ್ಸೆಲ್ ಬೇಕು. ಚಿಕ್ಕದಾಗಿ ಬರೆದು ಕೊನೆಯಲ್ಲಿ ಹಿಗ್ಗಿಸಿದರೆ ತೊಗಟೆಯ ಸೀಳುಗಳೆಲ್ಲ ಕಲಸಿಹೋಗುತ್ತವೆ.