ಲೇಸರ್ ಆಯ್ತು, ನೊಣ ಹೋಗಲಿಲ್ಲ

ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ದಾವಣಗೆರೆ ಸೀಮೆಯ ಹೆಂಗಸು, ವಯಸ್ಸು 54, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಕಣ್ಣಾಸ್ಪತ್ರೆಯಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದವರು. ಹೊಲಿಗೆಯಕ್ಕ ಅನ್ನೋಣ.

ಕುರ್ಚಿಯಲ್ಲಿ ಕೂತವರು ಮಾತಿಗೆ ಮೊದಲು ಎಡಗಣ್ಣು ಮುಚ್ಚಿ ನನ್ನ ಹಿಂದಿನ ಬಿಳಿ ಗೋಡೆ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿದರು. ಮತ್ತೆ ಎಡಗಣ್ಣು. ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಸಲ ಹೀಗೆ ಮಾಡಿದ್ದನ್ನು ಎಣಿಸಿದೆ.

“ಮೇಡಂ, ಲೇಸರ್ ಮಾಡ್ಸಿ ಇಪ್ಪತ್ತೊಂದು ದಿನ ಆತು. ನೊಣ ಹಂಗೇ ಐತಿ. ಕಣ್ಣು ಹೋತು ಅನ್ಸುತ್ತೆ, ಯಾರೂ ಬಾಯಿ ಬಿಟ್ಟು ಹೇಳ್ತಿಲ್ಲ.”

ಅವರದು ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕ, ಮೈನಸ್ ಎಂಟು. ಒಂದು ಸಂಜೆ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಯಿತು. ಮರುದಿನ ನೊಣ ಹಾರಿದಂತೆ ಕಪ್ಪು ಚುಕ್ಕೆಗಳು, ಕೂದಲೆಳೆಯಂಥ ಗೆರೆ, ತೆಳ್ಳನೆಯ ಹೊಗೆ. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ, ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ತೆಳು ಪದರವಾದ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ಸುಮ್ಮನೆ ಬಿಡಿಸಿಕೊಂಡು ಹೋಗುತ್ತದೆ. ಎಲ್ಲಾದರೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ರೆಟಿನಾವನ್ನೇ ಎಳೆದು ಹರಿಯುತ್ತದೆ, ಮೈನಸ್ ಜಾಸ್ತಿ ಇರುವವರಲ್ಲಿ ಇದು ಹೆಚ್ಚು. ಇವರಿಗೆ ಕುದುರೆ ಲಾಳದ ಆಕಾರದ ಹರಕು, ಜೊತೆಗೆ ಒಂದಿಷ್ಟು ರಕ್ತ. ಅದೇ ದಿನ ಲೇಸರ್ ಆಯಿತು.

ಭಯ ಅನ್ನುವುದಕ್ಕೆ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಕೊನೆಯ ತಪಾಸಣೆ ಯಾವಾಗ? ಹತ್ತು ದಿನದ ಹಿಂದೆ, ಅಂದರು. “ಆಮೇಲೆ ಹೊಸ ಚುಕ್ಕೆ ಬಂದಂಗಾತು” ಎಂದೂ ಸೇರಿಸಿದರು. ಅಷ್ಟು ಕೇಳಿದ ಮೇಲೆ ಮಾತು ಮುಂದುವರಿಸುವುದು ನನ್ನ ಕೆಲಸವಲ್ಲ. ಎದ್ದು ಅವರನ್ನು ರೆಟಿನಾ ವೈದ್ಯರ ಬಳಿಗೇ ಕರೆದುಕೊಂಡು ಹೋದೆ. ಹನಿ ಹಾಕಿ, ಪಾಪೆ ಹಿಗ್ಗಿಸಿ, ಅಂಚಿನವರೆಗೂ ನೋಡಿದರು. ಹೊಸ ಹರಕಿಲ್ಲ, ಲೇಸರ್ ಗುರುತುಗಳು ಚೆನ್ನಾಗಿ ಕೂತಿವೆ, ಉಳಿದದ್ದು ಹಳೆಯ ರಕ್ತ, ಚೆದುರುತ್ತಿದೆ. ಕಣ್ಣು ನೋಡದೆ ಮನಸ್ಸಿಗೆ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಇಲ್ಲಿಗೆ ಸಾಕು.

ಎರಡನೇ ಭೇಟಿಯಲ್ಲಿ ನಾನೇ ಎಡವಿದೆ. “ನಿಮ್ಮ ಮಿದುಳು ಇದಕ್ಕೆ ಒಗ್ಗಿಕೊಳ್ಳುತ್ತೆ ಅಕ್ಕ” ಅಂದೆ. ಎಲ್ಲಾ ನಿನ್ನ ತಲೆಯಲ್ಲಿದೆ ಅಂದಂತೆ ಕೇಳಿಸಿತಂತೆ ಅವರಿಗೆ. ಮುಂದಿನ ವಾರ ಬರಲೇ ಇಲ್ಲ. ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಹದಿನೈದು ದಿನ ಬಿಟ್ಟು ಬಂದರು, ಬಂದು ತಾಯಿಯ ಕಥೆ ಹೇಳಿದರು.

ತಾಯಿಗೆ ಒಂದು ಕಣ್ಣಿನಲ್ಲಿ ಕೆಳಗಿನಿಂದ ಕಪ್ಪು ಪರದೆ ಏರತೊಡಗಿತ್ತು. ಮನೆಯವರು ಪೊರೆ ಅಂದುಕೊಂಡರು. ಪೊರೆ ಹಣ್ಣಾಗಲಿ, ಸುಗ್ಗಿ ಮುಗಿಯಲಿ ಅಂತ ಕಾದರು. ಜೊತೆಗೆ ನಂದಿಬಟ್ಟಲು ಹೂವಿನ ರಸ ಬಿಟ್ಟರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೆಟಿನಾ ಪೂರ್ತಿ ಕಳಚಿ ತಿಂಗಳುಗಳಾಗಿದ್ದವು. ಪೊರೆಗೆ ಕಾಯಬಹುದಿತ್ತು, ಆ ಪರದೆಗೆ ಕಾಯುವಂತಿರಲಿಲ್ಲ. ಹೊಲಿಗೆಯಕ್ಕ ದಿನಕ್ಕೆ ನೂರು ಸಲ ಗೋಡೆಯಲ್ಲಿ ಹುಡುಕುತ್ತಿದ್ದದ್ದು ನೊಣವನ್ನಲ್ಲ, ಆ ಪರದೆಯನ್ನು.

ಇನ್ನೊಂದು ಗಂಟು ದುಡ್ಡಿನದು. ಇಷ್ಟು ಖರ್ಚು ಮಾಡಿದರೂ ದೃಷ್ಟಿ ಒಂದು ಗೆರೆಯೂ ಏರಿಲ್ಲ ಎಂಬ ಕೊರಗು. ಲೇಸರ್ ದೃಷ್ಟಿ ಕೊಡುವ ಚಿಕಿತ್ಸೆಯಲ್ಲ, ಇರುವುದನ್ನು ಕಾಯುವ ಚಿಕಿತ್ಸೆ, ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹರಕಿನ ಸುತ್ತ ಎರಡು ಮೂರು ಸಾಲು ಸಣ್ಣ ಸುಟ್ಟ ಗುರುತು ಹಾಕುತ್ತಾರೆ. ಅವು ಕಲೆಯಾಗಿ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು. ಹರಕು ಮಾತ್ರ ಹಾಗೇ ಇರುತ್ತದೆ, ನೀರು ಅದರೊಳಗೆ ನುಗ್ಗಿ ರೆಟಿನಾ ಎಬ್ಬಿಸದಂತೆ ಆ ಕಲೆ ಹಿಡಿದಿಡುತ್ತದೆ. ನಾನು ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದೆ. ಅವರು ನನ್ನ ಪೆನ್ನು ಇಸಿದುಕೊಂಡರು.

“ಕಾಜಾ ಹಾಕಿದಂಗೆ ಅನ್ರಿ. ತೂತು ಮುಚ್ಚಂಗಿಲ್ಲ, ಸುತ್ತ ಹೊಲಿಗೆ ಬಿದ್ರೆ ಮುಂದಕ್ಕೆ ಹರಿಯಂಗಿಲ್ಲ.”

ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಹೋಲಿಕೆ. ಮಿಂಚು ಕಂಡು ಆದ ಇಂಥ ಹರಕಿಗೆ ಏನೂ ಮಾಡದೆ ಬಿಟ್ಟರೆ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ರೆಟಿನಾ ಕಳಚುತ್ತದೆ. ಹೊತ್ತಿಗೆ ಲೇಸರ್ ಆದರೆ ನೂರರಲ್ಲಿ ಐವರಿಗಿಂತ ಕಡಿಮೆ. ಆಗ ಕೇಳಿದರು: “ಆ ಐದ್ರಾಗೆ ನಾನಿದ್ರೆ?” ಇಲ್ಲ ಅಂತ ಹೇಳಲಾರೆ, ಹೇಳಲಿಲ್ಲ. ಇದ್ದರೆ ಹೇಗೆ ಗೊತ್ತಾಗುತ್ತೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ಒಮ್ಮೆಲೇ ಹೊಸ ಚುಕ್ಕೆಗಳ ಮಳೆ, ಹೊಸದಾಗಿ ಅಥವಾ ಹೆಚ್ಚಾಗಿ ಮಿಂಚು, ಯಾವ ಬದಿಯಿಂದಾದರೂ ನೆರಳು, ದಿಢೀರ್ ಮಂಜು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ, ಭಾನುವಾರವಾದರೂ. ನನಗೆ ಫೋನ್ ಮಾಡಿ ಕೇಳುತ್ತಾ ಕೂರಬಾರದು.

ಉಳಿದ ಹೊತ್ತಿನ ನೋಟಕ್ಕೆ ಒಂದು ಕಟ್ಟು ಹಾಕಿಕೊಂಡೆವು. ಬೆಳಗ್ಗೆ ಟೀ ಆದ ಮೇಲೆ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಕ್ಯಾಲೆಂಡರ್ ಮುಂದೆ ಅದೇ ಜಾಗದಲ್ಲಿ ನಿಲ್ಲುವುದು, ಒಂದೊಂದೇ ಕಣ್ಣಿನಲ್ಲಿ ಅಂಕಿಗಳನ್ನೂ ನಾಲ್ಕು ಮೂಲೆಗಳನ್ನೂ ನೋಡುವುದು. ದಿನಕ್ಕೆ ಒಂದೇ ಸಲ. ಮಧ್ಯಾಹ್ನ ಕೈ ಕಣ್ಣಿಗೆ ಹೋದರೆ “ನಾಳೆ ಟೀ ಆದ ಮೇಲೆ” ಅಂತ ಹೇಳಿಕೊಳ್ಳುವುದು. ಮೊದಲ ನಾಲ್ಕು ದಿನ ಸೋತರು.

ಪಕ್ಕದ ಮನೆಯವರ ಮಾತು ಕೇಳಿ ಮೂರು ವಾರ ಗೋಡೆಗೊರಗಿ ಕೂತೇ ನಿದ್ದೆ ಮಾಡಿದ್ದರು ಪಾಪ. ತಲೆಯನ್ನು ಇಂಥ ಭಂಗಿಯಲ್ಲೇ ಇಡಬೇಕೆಂಬ ಕಟ್ಟಳೆ ಕಣ್ಣೊಳಗೆ ಗ್ಯಾಸ್ ತುಂಬಿದವರಿಗೆ. ಇವರು ಮಲಗಬಹುದು, ಹೊಲಿಯಬಹುದು ಎಂದು ವೈದ್ಯರ ಬಾಯಿಂದಲೇ ಹೇಳಿಸಿದೆ. ಯಾವ ಹೂವಿನ ರಸವೂ ಬೇಡವೆಂದು ಕೂಡ. ನಿದ್ದೆ ಮರಳದಿದ್ದರೆ ಮನೋವೈದ್ಯರಿಗೆ ತೋರಿಸುವುದೆಂದು ಮೊದಲೇ ಒಪ್ಪಿಸಿದ್ದೆ, ರಾತ್ರಿ ಗಾಬರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೊಟ್ಟಿದ್ದೆ. ಎರಡೂ ಬೇಕಾಗಲಿಲ್ಲ.

ಹೊಲಿಗೆಗೆ ಅವರೇ ದಾರಿ ಹುಡುಕಿದರು. ಬಿಳಿ ಲೈನಿಂಗ್ ಬಟ್ಟೆಯ ಮೇಲೆ ನೊಣ ಎದ್ದು ಕಾಣುತ್ತದೆ, ಮರೂನ್ ಬಟ್ಟೆಯ ಮೇಲೆ ಅಷ್ಟಿಲ್ಲ. ಮೊದಲು ಬಣ್ಣದವು, ದಿನಕ್ಕೆ ಅರ್ಧ ಗಂಟೆ. ಮೂರು ತಿಂಗಳ ಹೊತ್ತಿಗೆ ಹೊಗೆ ತಿಳಿಯಾಗಿತ್ತು, ಒಂದು ಎಳೆ ಉಳಿದಿತ್ತು. “ಐತಿ, ಇರ್ಲಿ” ಅಂದರು.

ಬೆಂಗಳೂರಿನ ಮಗ ದಿನಕ್ಕೆರಡು ಸಲ ಫೋನ್ ಮಾಡಿ “ಕಣ್ಣು ಹೆಂಗೈತಮ್ಮ” ಅಂತ ಕೇಳುತ್ತಿದ್ದ, ಪ್ರತಿ ಫೋನಿಗೂ ಇವರು ಕಣ್ಣು ಮುಚ್ಚಿ ತೆಗೆದು ನೋಡಬೇಕಾಗುತ್ತಿತ್ತು. ಊಟ ಏನು ಅಂತ ಕೇಳು ಮಾರಾಯ ಅಂದೆ. ಕೊನೆಯ ಭೇಟಿಯಲ್ಲಿ ಅಕ್ಕ ತಿರುಗಿ ಕೇಳಿದರು: “ಅವ್ನಿಗೂ ಮೈನಸ್ ಆರು ಐತ್ರಿ ಮೇಡಂ. ಅವ್ನ ಕಣ್ಣಿಗೆ ಯಾರು ಹನಿ ಹಾಕಿ ನೋಡ್ಯಾರ?”

ಮುಂದಿನ ಶನಿವಾರ ಅವನನ್ನೂ ಕರೆತಂದರು. ಪಾಪೆ ಹಿಗ್ಗಿ ಮೊಬೈಲ್ ಓದಲಾಗದೆ ಅವನು ಬೆಂಚಿನ ಮೇಲೆ ಕೂತಿದ್ದ. ಅಕ್ಕ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಅವನ ಆಫೀಸಿನ ಮೆಸೇಜುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು.