ಅವರಿಗೆ ಬೇಕಾಗಿರುವುದು ಟ್ಯೂಷನ್ ಅಲ್ಲ, ಹೊತ್ತು

ಪ್ರಶ್ನೆ: ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ, ಪೇಟೆಯಿಂದ ಬಹಳ ದೂರದ ಒಂದು ಕ್ಲಿನಿಕ್‌ನಲ್ಲಿ ನಾನು ನರ್ಸ್. ಇಲ್ಲಿ ಮೂಲನಿವಾಸಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಇದ್ದಾರೆ. ನನಗಿಂತ ದೊಡ್ಡವರು, ಊರಿನ ಪ್ರತಿ ಮನೆಯೂ ಗೊತ್ತು. ನೋಂದಾಯಿತ ಹೆಲ್ತ್ ಪ್ರಾಕ್ಟಿಷನರ್, ಅಂದರೆ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಚಿಕಿತ್ಸೆಯನ್ನೂ ಕೊಡುವವರು, ಆಗಬೇಕೆಂದು ಅವರ ಆಸೆ. ಆದರೆ ಹಿಂದೆ ಕೋರ್ಸ್ ಸೇರಿ ಅರ್ಧಕ್ಕೆ ಬಿಟ್ಟಿದ್ದಾರೆ. ಸಂಜೆ ಕೂತು ನಾನೇ ಪಾಠ ಹೇಳಿಕೊಡಲೇ? ಅಥವಾ ನರ್ಸಿಂಗ್ ಓದಿ ಅನ್ನಲೇ?
– ಓದುಗಿ, ನಾರ್ದರ್ನ್ ಟೆರಿಟರಿ

ಉತ್ತರ: ನೋಡಮ್ಮಾ, ಸಂಜೆಯ ಪಾಠ ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಕ್ಲಿನಿಕ್‌ನಲ್ಲಿ ಅವರು ಬೆಳಗ್ಗೆಯಿಂದ ಏನು ಮಾಡುತ್ತಾರೆ? ರೋಗಿಗಳನ್ನು ಕರೆತರಲು ಗಾಡಿ ಓಡಿಸುವುದು, ನೀವು ಹೇಳಿದ್ದನ್ನು ಅವರ ಭಾಷೆಯಲ್ಲಿ ಹೇಳುವುದು, ಅಷ್ಟೇನಾ? ಸೆಂಟ್ರಲ್ ಆಸ್ಟ್ರೇಲಿಯಾದ ಕ್ಲಿನಿಕ್‌ಗಳಲ್ಲಿ ನರ್ಸ್ ಆಗಿದ್ದಾಗ ನಾನು ಇದನ್ನೇ ಜಾಸ್ತಿ ನೋಡಿದ್ದು. ಕೋರ್ಸ್‌ಗೆ ರೋಗಿಗಳನ್ನು ಕೈಯಾರೆ ನೋಡಿದ ಅಭ್ಯಾಸ ಬೇಕು, ಯಾರಾದರೂ ನಿಂತು ನೋಡಿ ಸಹಿ ಹಾಕಬೇಕು. ದಿನವಿಡೀ ಸ್ಟೀರಿಂಗ್ ಹಿಡಿದರೆ ಅದು ಯಾವಾಗ ಆಗುತ್ತೆ?

ರುಮ್ಯಾಟಿಕ್ ಹೃದ್ರೋಗಕ್ಕೆ (ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗುವ ಕಾಯಿಲೆ) ಕೊಡುವ ಬೈಸಿಲಿನ್ ಎಂಬ ಪೆನಿಸಿಲಿನ್ ಇಂಜೆಕ್ಷನ್ನಿನ ಉದಾಹರಣೆ ತೆಗೆದುಕೊಳ್ಳಿ. 28 ದಿನಕ್ಕೊಮ್ಮೆ, ವರ್ಷಗಟ್ಟಲೆ. ಗಟ್ಟಿಯಾದ ಔಷಧಿ, ಚೆನ್ನಾಗಿ ನೋಯುತ್ತೆ. ಫ್ರಿಜ್‌ನಿಂದ ತೆಗೆದ ಸಿರಿಂಜನ್ನು ಅಂಗೈಯಲ್ಲಿ ಉರುಳಿಸಿ ತಣ್ಣಗಿರುವುದನ್ನು ಹೋಗಿಸಬೇಕು, ಆಮೇಲೆ ನಿಧಾನವಾಗಿ, ಆತುರವಿಲ್ಲದೆ ಕೊಡಬೇಕು. ಹದಿನಾಲ್ಕರ ಹುಡುಗ ಇದಕ್ಕೆ ತಪ್ಪಿಸಿಕೊಂಡು ಓಡುತ್ತಾನೆ. ಅವನನ್ನು ಕರೆತರುವುದು ನಿಮ್ಮ ಸಹೋದ್ಯೋಗಿ, ಚುಚ್ಚುವುದು ನೀವು. ಈ ಕೆಲಸಗಳನ್ನು ಅದಲುಬದಲು ಮಾಡಿ ನೋಡಿ. ಅವನ ಅಜ್ಜಿ ಯಾರು, ಅವನಿಗೆ ಯಾರ ಎದುರು ನಾಚಿಕೆ ಎಂದು ಬಲ್ಲವರೇ ಸಿರಿಂಜನ್ನೂ ಹಿಡಿಯಲಿ, ನೀವು ಪಕ್ಕದಲ್ಲಿ ನಿಂತು ಸಹಿ ಹಾಕಿ. ಗಾಡಿಗೆ ಬೇರೆ ಡ್ರೈವರ್ ಸಿಗುತ್ತಾರೆ.

ಪ್ರಾಕ್ಟಿಷನರ್ ನೋಂದಣಿ 2012ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ. ಪ್ರೈಮರಿ ಹೆಲ್ತ್ ಕೇರ್ ಪ್ರಾಕ್ಟಿಸ್‌ನ ಸರ್ಟಿಫಿಕೇಟ್ 4 ಇರಬೇಕು. ಇಷ್ಟು ವರ್ಷ ಕ್ಲಿನಿಕ್‌ನಲ್ಲಿ ಕಲಿತದ್ದಕ್ಕೆ ಕೋರ್ಸ್‌ನಲ್ಲಿ ಮನ್ನಣೆ ಕೇಳಬಹುದು. ತರಬೇತಿ ಕೊಡುವ ಸಂಸ್ಥೆಯನ್ನು ಮೊದಲ ದಿನವೇ ಕೇಳಿಸಿ. ಎಷ್ಟೋ ಜನ ಗೊತ್ತಿರುವುದನ್ನೇ ಮತ್ತೆ ಕಲಿತು ಬೇಸತ್ತು ಕೋರ್ಸ್ ಬಿಡುತ್ತಾರೆ.

ಬಿಡಲು ಇನ್ನೊಂದು ಕಾರಣ, ತರಗತಿಗೆ ಪೇಟೆಗೆ ಹೋಗಿ ವಾರಗಟ್ಟಲೆ ಇರಬೇಕಾಗುವುದು. ಪ್ರಯಾಣ, ವಸತಿಗೆ ಆಬ್‌ಸ್ಟಡಿಯಲ್ಲಿ (ಓದುವ ಮೂಲನಿವಾಸಿಗಳಿಗೆ ಸರ್ಕಾರದ ನೆರವಿನ ಯೋಜನೆ) ನೆರವು ಉಂಟು, ಆರೋಗ್ಯ ಕ್ಷೇತ್ರದ ಕೋರ್ಸ್ ಓದುವ ಮೂಲನಿವಾಸಿಗಳಿಗೆ ಪಗ್ಗಿ ಹಂಟರ್ ಸ್ಮಾರಕ ವಿದ್ಯಾರ್ಥಿವೇತನವೂ ಇದೆ. ಆದರೆ ದುಡ್ಡೊಂದೇ ಅಲ್ಲ. ಊರಿನಲ್ಲಿ ಸಾವಾದರೆ ಅವರು ಅಲ್ಲಿರಲೇಬೇಕು, ಅದು ದಿನಗಟ್ಟಲೆ ಹಿಡಿಯಬಹುದು. ಆ ಸಲದ ತರಗತಿ ತಪ್ಪಿದರೆ ಹೆಸರು ಹೊಡೆಯದೆ ಮುಂದಿನದಕ್ಕೆ ಕೂರಿಸುತ್ತಾರಾ? ಸೇರುವ ಮುಂಚೆಯೇ ಕೇಳಿ, ಬರಹದಲ್ಲಿ ಪಡೆಯಿರಿ.

ಮ್ಯಾನೇಜರ್ ಹತ್ತಿರ ಹೋದಾಗ ಕೇಳಬೇಕಾದದ್ದು ವಾರದಲ್ಲಿ ಒಂದಿಷ್ಟು ಗಂಟೆ ಸಂಬಳಸಹಿತ ಓದಿನ ಹೊತ್ತು, ರೋಸ್ಟರ್‌ನಲ್ಲೇ ಬರೆದದ್ದು. "ಬಿಡುವಾದಾಗ ಓದಲಿ" ಅಂದರೆ ಒಪ್ಪಬೇಡಿ. ಕ್ಲಿನಿಕ್‌ನಲ್ಲಿ ಬಿಡುವು ಅನ್ನೋದು ಇರುತ್ತಾ, ನಿಮಗೇ ಗೊತ್ತು. ಮ್ಯಾನೇಜರ್‌ಗೆ ಲೆಕ್ಕವೇ ಬೇಕಂದರೆ ಇದೂ ಇದೆ: ಮೂಲನಿವಾಸಿಗಳ ಆರೋಗ್ಯ ತಪಾಸಣೆ (ಬಿಲ್ಲಿನಲ್ಲಿ 715) ಆದ ಮೇಲಿನ ಫಾಲೋ ಅಪ್ ಅನ್ನು ನೋಂದಾಯಿತ ಪ್ರಾಕ್ಟಿಷನರ್ ಮಾಡಿದರೂ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಡುತ್ತದೆ, 10987 ಎಂಬ ಬಿಲ್ ಸಂಖ್ಯೆಯ ಅಡಿಯಲ್ಲಿ.

ಇನ್ನು ನರ್ಸಿಂಗ್ ವಿಷಯ. ಅವರು ಕೇಳಿದರೆ ಹೇಳಿ, ಇಲ್ಲದಿದ್ದರೆ ಸುಮ್ನೆ ಇರಿ. ಅವರದ್ದು ನಮ್ಮ ಕೆಲಸದ ಕೆಳಗಿನ ಮೆಟ್ಟಿಲಲ್ಲ, ಮೂಲನಿವಾಸಿಗಳು ಮಾತ್ರ ಮಾಡಬಹುದಾದ, ತನ್ನದೇ ಮಂಡಳಿ ಇರುವ ವೃತ್ತಿ.

ಕೊನೆಗೆ ನೋಂದಣಿ ಅರ್ಜಿ. ಅದರಲ್ಲಿ ಹಿಂದಿನ ಪೊಲೀಸ್ ಕೇಸುಗಳ ಬಗ್ಗೆ ಪ್ರಶ್ನೆ ಇರುತ್ತದೆ. ಅಲ್ಲಿಗೆ ಬಂದು ಪೆನ್ನು ಕೆಳಗಿಟ್ಟವರಿದ್ದಾರೆ. ಹಳೆಯ ಕೇಸು ಇದ್ದಮಾತ್ರಕ್ಕೆ ತಾನಾಗಿ ಅರ್ಜಿ ಬಿದ್ದುಹೋಗುವುದಿಲ್ಲ. ಏನಾಗಿತ್ತು, ಎಷ್ಟು ಹಳೆಯದು, ಈ ಕೆಲಸಕ್ಕೆ ಅದರಿಂದ ತೊಂದರೆಯೇ ಎಂದು ಮಂಡಳಿ ನೋಡುತ್ತದೆ. ಮುಚ್ಚಿಡದೆ ಬರೆಯಲಿ. ಆ ಪುಟ ತುಂಬುವಾಗ ಬೇಕಾದರೆ ನೀವು ಜೊತೆಗೆ ಕೂರಿ.