ಹೇಳದೆ ಬಿಡಬೇಡಿ, ಒಂದು ವರ್ಷ ಅಂತ ಕಾಯಲೂ ಬೇಡಿ

ಹಾಸನದ ಕಾರ್ಖಾನೆ, ಎಂಟು ತಿಂಗಳ ಕೆಲಸ, ದಿನ ಬೆಳಗಾದರೆ ಬೈಯುವ ಸೂಪರ್‌ವೈಸರ್, ಎಚ್.ಆರ್. ಬೀರುವಿನಲ್ಲಿ ಸಿಕ್ಕಿಕೊಂಡಿರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಸಂಬಳ ಬಿದ್ದ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋಗಿಬಿಡಲೇ, ಇಲ್ಲ ಹಲ್ಲು ಕಚ್ಚಿ ಒಂದು ವರ್ಷ ಮುಗಿಸಲೇ ಎಂದು ಕೇಳಿದ್ದೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ಊರಿನಲ್ಲಿ ಫಸ್ಟ್ ಶಿಫ್ಟಿನ ಬಸ್ಸಿಗೆ ಕತ್ತಲಲ್ಲಿ ಕಾಯುತ್ತಿದ್ದವನು. ಆಮೇಲಿನದೆಲ್ಲ ಟೈಂ ಆಫೀಸು, ಸಂಬಳ ವಿಭಾಗ. ಹಾಗಾಗಿ ಹೇಳದೆ ಹೋದವರ ಫೈಲ್ ಮೇಜಿನ ಈಚೆ ಕಡೆ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ನೀವು ಹೇಳಿದ ಎರಡು ದಾರಿಯೂ ಬೇಡ. ಕೆಲಸ ಬಿಡಿ, ಆದರೆ ಕಾಗದ ಕೊಟ್ಟು ಬಿಡಿ.

ಹೇಳದೆ ಹೋದರೆ ಆಗುವುದು ಇಷ್ಟು. ಮೊದಲ ದಿನ ಹಾಜರಿಯಲ್ಲಿ ಗೈರು ಬೀಳುತ್ತದೆ. ಸೂಪರ್‌ವೈಸರ್ ಒಂದೆರಡು ಸಲ ಫೋನ್ ಮಾಡಿ ಸುಮ್ಮನಾಗುತ್ತಾರೆ. ವಾರ ಹತ್ತು ದಿನ ಕಳೆದ ಮೇಲೆ ನಿಮ್ಮ ಆಧಾರ್ ವಿಳಾಸಕ್ಕೆ, ಅಂದರೆ ಊರಿನ ಮನೆಗೆ, 'ಅನುಮತಿ ಇಲ್ಲದೆ ಗೈರುಹಾಜರಾಗಿದ್ದೀರಿ' ಎಂಬ ಪತ್ರ ಹೋಗುತ್ತದೆ. ಅದನ್ನು ಒಡೆದು ಓದುವವರು ಅಪ್ಪ ಅಮ್ಮ. ಎರಡನೇ ಪತ್ರಕ್ಕೂ ಉತ್ತರ ಬರದಿದ್ದರೆ ಫೈಲಿನ ಮೇಲೆ 'ಅಬ್‌ಸ್ಕಾಂಡ್' (ತಲೆತಪ್ಪಿಸಿಕೊಂಡವ) ಎಂದು ಬರೆದು ಪಕ್ಕಕ್ಕಿಡುತ್ತಾರೆ. ನಿಮ್ಮ ಹೆಸರನ್ನು ಪಟ್ಟಿಯಿಂದ ಮಾತ್ರ ತೆಗೆಯುವುದಿಲ್ಲ. ವಿಚಾರಣೆ ಮಾಡದೆ ತೆಗೆದರೆ ನಾಳೆ ನೀವೇ 'ಕೆಲಸದಿಂದ ಹಾಕಿದರು' ಎಂದು ಕೇಸು ಹಾಕಬಹುದು ಎಂಬ ಭಯ ಅವರಿಗೆ. ಹೀಗಾಗಿ ತಿಂಗಳು ತಿಂಗಳೂ ಪಿ.ಎಫ್. (ಭವಿಷ್ಯ ನಿಧಿ) ಕಚೇರಿಗೆ ಕಳಿಸುವ ಲೆಕ್ಕದಲ್ಲಿ ನಿಮ್ಮ ಹೆಸರಿನ ಮುಂದೆ ಸೊನ್ನೆ ಸಂಬಳ ತೋರಿಸುತ್ತಾ ಹೋಗುತ್ತಾರೆ, ಇಲ್ಲವೇ ನಿಮ್ಮ ಹೆಸರನ್ನು ಮರೆತೇ ಬಿಡುತ್ತಾರೆ. ಹೇಗಾದರೂ 'ಕೆಲಸ ಬಿಟ್ಟ ದಿನಾಂಕ' ಎಂಬ ಜಾಗ ಖಾಲಿ ಉಳಿಯುತ್ತದೆ.

ಆ ಖಾಲಿ ಜಾಗ ಮುಂದೆ ಎಷ್ಟು ಕಾಡುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹುಡುಗರು ಎಡವುವುದು ಇಲ್ಲೇ. ಹೊಸ ಕಂಪನಿ ಸೇರಿದಾಗ ಅದೇ 12 ಅಂಕಿಯ ಯು.ಎ.ಎನ್. (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿ.ಎಫ್. ಸಂಖ್ಯೆ) ಕೆಳಗೆ ಹೊಸ ಮೆಂಬರ್ ಐ.ಡಿ., ಅಂದರೆ ಆ ಕಂಪನಿಯ ಲೆಕ್ಕದ ಖಾತೆ, ಹುಟ್ಟುತ್ತದೆ. ಹಳೆಯದರಲ್ಲಿ ಬಿಟ್ಟ ದಿನಾಂಕ ಇಲ್ಲದಿದ್ದರೆ ಅಲ್ಲಿನ ದುಡ್ಡು ಹೊಸದಕ್ಕೆ ವರ್ಗವಾಗುವುದಿಲ್ಲ, ಪೂರ್ತಿ ತೆಗೆಯಲೂ ಆಗುವುದಿಲ್ಲ. ಹೊಸ ಕಡೆಯ ಎಚ್.ಆರ್. ಕಣ್ಣಿಗೆ ನೀವು ಇನ್ನೂ ಹಳೆಯ ಕಂಪನಿಯ ನೌಕರ. ಹಳೆಯ ಕಂಪನಿಗೆ ಫೋನ್ ಮಾಡಿ ದಿನಾಂಕ ಹಾಕಿ ಎಂದರೆ, ಮುಂಚಿತವಾಗಿ ತಿಳಿಸದೆ ಬಿಟ್ಟಿದ್ದಕ್ಕೆ ಬಂದು ನೋಟಿಸ್ ದುಡ್ಡು ಕಟ್ಟಿ ಎನ್ನುತ್ತಾರೆ.

ಈಗಾಗಲೇ ಹೀಗೆ ಬಿಟ್ಟವರಿಗೂ ದಾರಿ ಇದೆ. ಕೊನೆಯ ಕಂತು ಜಮಾ ಆಗಿ ಎರಡು ತಿಂಗಳು ಕಳೆದ ಮೇಲೆ ಪಿ.ಎಫ್. ಸದಸ್ಯರ ಪೋರ್ಟಲ್‌ಗೆ ಲಾಗಿನ್ ಆಗಿ 'ಮ್ಯಾನೇಜ್' ಒಳಗೆ 'ಮಾರ್ಕ್ ಎಕ್ಸಿಟ್' ಒತ್ತಿ ನೀವೇ ದಿನಾಂಕ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓ.ಟಿ.ಪಿ. ಬರುತ್ತದೆ, ಆ ಸಿಮ್ ಚಾಲ್ತಿಯಲ್ಲಿರಬೇಕು. ಕೊನೆಯ ಕಂತು ಯಾವ ತಿಂಗಳ ಸಂಬಳದ್ದೋ ಆ ತಿಂಗಳಿನೊಳಗಿನ ದಿನಾಂಕವನ್ನೇ ಅದು ಒಪ್ಪುತ್ತದೆ. ಒಮ್ಮೆ ಹಾಕಿದರೆ ನೀವಾಗಿ ತಿದ್ದಲು ಬರುವುದಿಲ್ಲ. ಹೊಸ ಕೆಲಸಕ್ಕೆ ಸೇರಿದ ದಿನಕ್ಕಿಂತ ಮುಂದಿನ ದಿನಾಂಕ ಹಾಕಿದರೆ ಎರಡೂ ಕಡೆಯ ಸೇವೆ ಒಂದರ ಮೇಲೊಂದು ಬಿದ್ದು ಅದೇ ಬೇರೆ ತಲೆನೋವಾಗುತ್ತದೆ. ಪೇ ಸ್ಲಿಪ್ ಎದುರಿಗಿಟ್ಟುಕೊಂಡೇ ಹಾಕಿ.

ಈಗ ದುಡ್ಡಿನ ಮಾತು. 'ಸಂಬಳ ಬಂತಲ್ಲ, ಇನ್ನೇನು ಬಾಕಿ' ಎಂದುಕೊಂಡು ಹೊರಡುವವರೇ ಹೆಚ್ಚು. ಸಂಬಳ ಬೀಳುವುದು 7ನೇ ತಾರೀಖಿನ ಹೊತ್ತಿಗೆ, ಅದೂ ಹಿಂದಿನ ತಿಂಗಳದ್ದು. ಮರುದಿನ ಹೋದರೆ ಈ ತಿಂಗಳು ದುಡಿದ ವಾರ ಅಲ್ಲೇ ಉಳಿಯಿತು. ಒಟ್ಟು ಸಂಬಳ 14,000, ಅದರಲ್ಲಿ ಬೇಸಿಕ್ ಮತ್ತು ಡಿ.ಎ. (ತುಟ್ಟಿಭತ್ಯೆ) 12,000 ಎಂದಿಟ್ಟುಕೊಳ್ಳೋಣ. ಒಟ್ಟು ಸಂಬಳವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 538 ರೂಪಾಯಿ, ಆರು ದಿನಕ್ಕೆ 3,200 ದಾಟಿತು. ದುಡಿದ 20 ದಿನಕ್ಕೆ ಒಂದು ದಿನದಂತೆ ಗಳಿಕೆ ರಜೆ ಬರುತ್ತದೆ. ಎಂಟು ತಿಂಗಳಲ್ಲಿ 200 ದಿನ ದುಡಿದಿದ್ದರೆ 10 ರಜೆ. ಬಳಸದೆ ಉಳಿದ ರಜೆಗೆ ಬಿಡುವಾಗ ದುಡ್ಡು ಕೊಡಬೇಕು, ಅದು 5,380. ಬೋನಸ್ ಕನಿಷ್ಠ ಶೇ. 8.33. ವರ್ಷದಲ್ಲಿ 30 ದಿನ ದುಡಿದವರಿಗೂ ಉಂಟು, ಅರ್ಧದಲ್ಲಿ ಬಿಟ್ಟವರಿಗೂ ಉಂಟು. 12,000ದ ಮೇಲೆ ಎಂಟು ತಿಂಗಳಿಗೆ ಸುಮಾರು 8,000. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕಾದ್ದು ಅದು, ಹಾಗಾಗಿ ತಡವಾಗಿ ಬರಬಹುದು. ಮೂರೂ ಕೂಡಿದರೆ ಹದಿನಾರು ಸಾವಿರದ ಮೇಲೆ. ಹೇಳದೆ ಹೋದವರಿಗೂ ಇದರ ಹಕ್ಕು ಹೋಗುವುದಿಲ್ಲ, ಆದರೆ ಗೇಟಿಗೆ ಬಂದು ಕೇಳುವ ಮುಖ ಯಾರಿಗೂ ಇರುವುದಿಲ್ಲ. ಲೆಕ್ಕ ಅಲ್ಲೇ ಮುಚ್ಚಿಹೋಗುತ್ತದೆ.

ಪಿ.ಎಫ್. ಬೇರೆ. ನಿಮ್ಮಿಂದ ಬೇಸಿಕ್ ಮತ್ತು ಡಿ.ಎ.ಯ ಶೇ. 12, ಅಂದರೆ 1,440. ಕಂಪನಿಯೂ 1,440 ಹಾಕುತ್ತದೆ, ಅದರಲ್ಲಿ ಸುಮಾರು 1,000 ಪಿಂಚಣಿಗೆ ಹೋಗಿ 440 ನಿಮ್ಮ ಪಿ.ಎಫ್.ಗೆ ಸೇರುತ್ತದೆ. ಎಂಟು ತಿಂಗಳಿಗೆ ಖಾತೆಯಲ್ಲಿ 15,000 ಇರಬೇಕು. ಪಾಸ್‌ಬುಕ್ ತೆಗೆದು ತಿಂಗಳು ತಿಂಗಳೂ ಬಿದ್ದಿದೆಯೇ ನೋಡಿ. ನಿಮ್ಮಿಂದ ಕಡಿತ ಮಾಡಿ ಕಟ್ಟದೆ ಬಿಟ್ಟ ತಿಂಗಳಿದ್ದರೆ ಒಳಗಿರುವಾಗಲೇ ಕೇಳುವುದು ಸುಲಭ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಪಿ.ಎಫ್. ದಾಖಲೆಗೆ ತಾಳೆಯಾಗುತ್ತದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ಒಂದು ವರ್ಷದ ಮಾತಿಗೆ ಬರೋಣ. ಇದು ಎಲ್ಲಿಂದ ಹುಟ್ಟಿತೋ, ಎಲ್ಲ ಹುಡುಗರ ತಲೆಯಲ್ಲೂ ಕೂತಿದೆ. ಕಾಯಂ ನೌಕರನಿಗೆ ಗ್ರಾಚ್ಯುಟಿ (ಬಿಡುವಾಗ ಸೇವೆಗೆ ಕೊಡುವ ಇಡುಗಂಟು) ಬರುವುದು ಐದು ವರ್ಷಕ್ಕೆ, ಒಂದಕ್ಕಲ್ಲ. ಪಿ.ಎಫ್. ಮೊದಲ ತಿಂಗಳಿಂದಲೇ ನಿಮ್ಮದು. ಅನುಭವ ಪತ್ರದಲ್ಲಿ ಎಂಟು ತಿಂಗಳು ಎಂದಿದ್ದರೂ ಅದು ಅನುಭವವೇ, ಪತ್ರವೇ ಇಲ್ಲದ ಹದಿಮೂರು ತಿಂಗಳಿಗಿಂತ ಹೆಚ್ಚು ಬೆಲೆ ಅದಕ್ಕೆ. ಒಂದೇ ಒಂದು ಕಡೆ ವರ್ಷಕ್ಕೆ ಅರ್ಥವಿದೆ: ನಿಮ್ಮ ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ 'ನಿಗದಿತ ಅವಧಿ' ಎಂದಿದ್ದರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅಂಥವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತದೆ. ಆದರೂ ದಿನವೂ ಅವಮಾನ ನುಂಗಿಕೊಂಡು ಇನ್ನು ನಾಲ್ಕು ತಿಂಗಳು ಕಳೆಯುವಷ್ಟು ದೊಡ್ಡ ಮೊತ್ತ ಅದಲ್ಲ. ವರ್ಷಕ್ಕೆ ಹದಿನೈದು ದಿನದ ಸಂಬಳ, ಅಷ್ಟೇ.

ರಾಜೀನಾಮೆ ಬರೆಯುವ ಮೊದಲು ಮಾರ್ಕ್ಸ್ ಕಾರ್ಡ್ ಕೇಳಿ ಪಡೆಯಿರಿ. ಅನುಕ್ರಮ ಇದೇ ಇರಲಿ. ರಾಜೀನಾಮೆ ಕೈಗೆ ಬಿದ್ದ ಮೇಲೆ ಬೀರುವಿನ ಬೀಗದ ಕೈ ಸಿಗುವುದೇ ಇಲ್ಲ. ಮೂಲ ದಾಖಲೆಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕನ್ನು ಯಾವ ಕಾನೂನೂ ಕಂಪನಿಗೆ ಕೊಟ್ಟಿಲ್ಲ. ಬಾಯಲ್ಲಿ ಕೇಳಿ ಕೊಡದಿದ್ದರೆ ಈ-ಮೇಲ್‌ನಲ್ಲಿ ಕೇಳಿ, 'ನನ್ನ ಮಾರ್ಕ್ಸ್ ಕಾರ್ಡ್ ನಿಮ್ಮಲ್ಲಿದೆ' ಎಂಬುದು ಬರಹದಲ್ಲಿ ದಾಖಲಾಗಲಿ. ಅಷ್ಟರಲ್ಲಿ ಡಿಜಿಲಾಕರ್‌ನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಗುತ್ತದೆಯೇ ನೋಡಿ. ಮಂಡಳಿಯೇ ಅಲ್ಲಿ ಕೊಟ್ಟ ಪ್ರತಿ ಮೂಲಕ್ಕೆ ಸಮ, ಮೂಲ ಕೈಯಲ್ಲಿಲ್ಲವೆಂದು ಹೊಸ ಕೆಲಸ ನಿಲ್ಲಬಾರದು.

ಆಮೇಲೆ ಆರ್ಡರ್‌ನ ನೋಟಿಸ್ ಅವಧಿ ಓದಿ. ಪ್ರೊಬೇಷನ್‌ನಲ್ಲಿ (ಕಾಯಂ ಆಗುವ ಮುಂಚಿನ ಪರೀಕ್ಷಾ ಕಾಲದಲ್ಲಿ) ಒಂದು ಅವಧಿ, ಕಾಯಂ ಆದ ಮೇಲೆ ಇನ್ನೊಂದು ಎಂದು ಬೇರೆ ಬೇರೆ ಇರುತ್ತದೆ. ಎಂಟು ತಿಂಗಳಾದರೂ ಕಾಯಂ ಪತ್ರ ಬಂದಿಲ್ಲವಾದರೆ ನೀವು ಇನ್ನೂ ಪ್ರೊಬೇಷನ್‌ನಲ್ಲೇ ಇದ್ದೀರಾ ಎಂದು ಕೇಳಿ ತಿಳಿಯಿರಿ. ನೋಟಿಸ್ ಕಡಿಮೆಯಾದ ದಿನಗಳಿಗೆ ಕಡಿತ ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ ಎಂಬುದೂ ಅಲ್ಲೇ ಬರೆದಿರುತ್ತದೆ. ಉಳಿದ ಗಳಿಕೆ ರಜೆಯನ್ನು ನೋಟಿಸ್‌ಗೆ ಹೊಂದಿಸಿಕೊಳ್ಳುತ್ತೀರಾ ಎಂದು ಕೇಳಬಹುದು. ಒಪ್ಪಿದರೆ ಬರಹದಲ್ಲಿ ಪಡೆಯಿರಿ.

ಪತ್ರ ನಾಲ್ಕೇ ಸಾಲು ಇರಲಿ: 'ಸ್ವಂತ ಕಾರಣದಿಂದ ನನ್ನ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ಆರ್ಡರ್‌ನಂತೆ 30 ದಿನದ ನೋಟಿಸ್ ಇಂದಿನಿಂದ ಶುರು. ನನ್ನ ಕೊನೆಯ ಕೆಲಸದ ದಿನ ಇಂಥದ್ದು. ಬಾಕಿ ವೇತನ, ಓವರ್‌ಟೈಂ, ರಜೆ ವೇತನ, ಬೋನಸ್ ನನ್ನ ಖಾತೆಗೆ ಜಮಾ ಮಾಡಿ, ರಿಲೀವಿಂಗ್ ಮತ್ತು ಅನುಭವ ಪತ್ರ ಕೊಡಿ.' ಕೊನೆಯ ದಿನಾಂಕವನ್ನು ಬಿಡಲೇಬೇಡಿ. ಅದಿಲ್ಲದ ಪತ್ರವನ್ನು ಎಚ್.ಆರ್. ಎಷ್ಟು ದಿನ ಬೇಕಾದರೂ ಎಳೆಯಬಹುದು. 'ದಯವಿಟ್ಟು ಅನುಮತಿ ಕೊಡಿ' ಎಂದೂ ಬರೆಯಬೇಡಿ, ನೀವು ತಿಳಿಸುತ್ತಿದ್ದೀರಿ, ಬೇಡುತ್ತಿಲ್ಲ. ಸೂಪರ್‌ವೈಸರ್ ಮೇಲಿನ ಸಿಟ್ಟನ್ನೆಲ್ಲ ಅದರಲ್ಲಿ ಸುರಿಯಬೇಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಎಂದರೆ ವಾದ ಬೇಡ. ಅದೇ ದಿನ ನಿಮ್ಮ ಸ್ವಂತ ಈ-ಮೇಲ್‌ನಿಂದ ಕಳಿಸಿ, ಜೊತೆಗೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ದಾಖಲೆ ಬೇಕೆಂದು ಹೇಳಿ. ರಿಜಿಸ್ಟರ್ಡ್ ಪೋಸ್ಟ್ ಎಂಬುದು ಈಗ ಬೇರೆ ಇಲ್ಲ, ಸ್ಪೀಡ್ ಪೋಸ್ಟ್‌ಗೇ ಸೇರಿಹೋಗಿದೆ. ಕಂಪನಿಯ ಮೇಲ್ ಐ.ಡಿ. ಬಳಸಬೇಡಿ, ಬಿಟ್ಟ ದಿನವೇ ಅದು ಬಂದ್ ಆಗುತ್ತದೆ.

ನೋಟಿಸ್ ದಿನಗಳಲ್ಲಿ ಗೈರಾಗಬೇಡಿ, ಪೇ ಸ್ಲಿಪ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಕೊನೆಯ ದಿನ ಐ.ಡಿ. ಕಾರ್ಡ್, ಶೂ, ಸಮವಸ್ತ್ರ, ಲಾಕರ್ ಕೀ, ಟೂಲ್ಸ್ ಒಪ್ಪಿಸಿ 'ನೋ ಡ್ಯೂ' ಹಾಳೆಗೆ ಪ್ರತಿ ವಿಭಾಗದ ಸಹಿ ಮಾಡಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. 'ಎಲ್ಲ ಬಾಕಿ ತಲುಪಿದೆ' ಎಂಬ ಹಾಳೆಗೆ ದುಡ್ಡು ಬರುವ ಮುಂಚೆ ಸಹಿ ಹಾಕಬೇಡಿ. ಮೊತ್ತದ ಜಾಗ ಖಾಲಿ ಇದ್ದರಂತೂ ಮುಟ್ಟಲೇಬೇಡಿ. ಆ ಹೊಸ ಕಾರ್ಮಿಕ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯ 17ನೇ ಕಲಂ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕು ಎನ್ನುತ್ತದೆ. 'ನಮ್ಮಲ್ಲಿ 45 ದಿನ' ಎಂದರೆ ಈ ಕಲಮನ್ನು ಮೇಲ್‌ನಲ್ಲಿ ಬರೆದು ಕೇಳಿ.

ಬಾಂಡ್, ಅಂದರೆ ಇಂತಿಷ್ಟು ಕಾಲ ಬಿಡುವುದಿಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಎಂಬ ಕರಾರು, ಬರೆದುಕೊಟ್ಟಿದ್ದೀರಾ ಎಂದು ನೀವು ಹೇಳಿಲ್ಲ. ಬಾಂಡ್‌ಗೆ ಬೆಲೆಯೇ ಇಲ್ಲ ಎನ್ನುವವರ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟ ಅಧಿಕಾರಿಯ 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಆದರೆ ಅದು ದೊಡ್ಡ ನೇಮಕಾತಿ ನಡೆಸುವ ಸರ್ಕಾರಿ ಬ್ಯಾಂಕು. ತರಬೇತಿಯನ್ನೇ ಕೊಡದೆ ಬರೆಸಿಕೊಂಡ ಬಾಂಡಿನಲ್ಲಿ ಕಂಪನಿ ಕೇಳಬಹುದಾದ್ದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತವೆಲ್ಲ ತಾನಾಗಿ ಸಿಗುವುದಿಲ್ಲ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದರೆ ಅದನ್ನು ವಾಪಸ್ ಕೇಳಿದ ಪತ್ರ ರಾಜೀನಾಮೆಯ ಜೊತೆಗೇ ಹೋಗಲಿ.

ಬೈಗುಳ ಮೈ ಮುಟ್ಟುವ ಮಟ್ಟಕ್ಕೆ ಹೋಗಿದ್ದರೆ ಮೇಲಿನದ್ಯಾವುದಕ್ಕೂ ಕಾಯಬೇಡಿ. 'ಸ್ವಂತ ಕಾರಣ' ಎನ್ನದೆ ನಡೆದದ್ದನ್ನೇ ತಾರೀಖಿನ ಸಮೇತ ಬರೆದು ಅದೇ ದಿನ ಹೊರಗೆ ಬನ್ನಿ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾಗಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಬರಹದ ದೂರು ಕೊಡಬಹುದು, ಕೆಲಸ ಬಿಟ್ಟ ಮೇಲೂ.

ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡನ್ನು ಎಸೆಯಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್ ಸೌಲಭ್ಯದ ಅವಧಿ. ಕಂತು ಕಟ್ಟುವ ಆರು ತಿಂಗಳಲ್ಲಿ 78 ದಿನದ ಕಂತು ಬಿದ್ದಿದ್ದರೆ ಕೆಲಸ ಬಿಟ್ಟಿದ್ದರೂ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದಾಗ ಮೊದಲು ಇ.ಎಸ್.ಐ. ಆಸ್ಪತ್ರೆಯಲ್ಲಿ ವಿಚಾರಿಸಿ.

ಹೊಸ ಕೆಲಸ ಸಿಗುವ ತನಕ ಕೈಯಲ್ಲಿ ಎರಡು ತಿಂಗಳ ಖರ್ಚು ಇರಲಿ. ಪಿ.ಎಫ್. ದುಡ್ಡನ್ನು ನಂಬಿ ರೂಂ ಬಾಡಿಗೆ ಲೆಕ್ಕ ಹಾಕಬೇಡಿ, ಅದನ್ನು ಹೊಸ ಕಂಪನಿಗೆ ವರ್ಗ ಮಾಡಿಸುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೀರಾ ಕಷ್ಟವಾದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿಗೆ ಆಳು ಬೇಕೇ ಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಬಾಕಿ ಕೊಡದೆ ಸತಾಯಿಸಿದರೆ ಹಾಸನದ ಕಾರ್ಮಿಕ ಅಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ವೇತನದ ಕ್ಲೇಮಿಗೆ ಮೂರು ವರ್ಷ ಕಾಲಾವಕಾಶ ಇದೆ. ಪಿ.ಎಫ್. ತಕರಾರಿಗೆ ಚಿಕ್ಕಮಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ. ಆದರೆ ಹೆಡ್ಡಾಫೀಸು ಬೆಂಗಳೂರಿನಲ್ಲಿರುವ ಕಂಪನಿಯ ಖಾತೆ ಅಲ್ಲಿನ ಕಚೇರಿಗೆ ಸೇರಿರಬಹುದು, ಪಾಸ್‌ಬುಕ್‌ನ ಮೇಲ್ಭಾಗದಲ್ಲಿ ನೋಡಿಕೊಂಡು ಹೊರಡಿ. ಪ್ರತಿ ತಿಂಗಳ 27ರಂದು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ, ಪಿ.ಎಫ್. ಅಧಿಕಾರಿಗಳು ಜಿಲ್ಲೆ ಜಿಲ್ಲೆಗೂ ಬಂದು 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಸುತ್ತಾರೆ. ಅಲ್ಲಿಗೆ ಯು.ಎ.ಎನ್., ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೊನೆಯ ಮೂರು ಪೇ ಸ್ಲಿಪ್, ಸೀಲು ಬಿದ್ದ ರಾಜೀನಾಮೆ ಪ್ರತಿ, ಇವಿಷ್ಟನ್ನೂ ಒಂದು ಜೆರಾಕ್ಸ್ ಸೆಟ್ ಸಮೇತ ಒಯ್ಯಿರಿ. ಆಧಾರ್ ಸಿಮ್ ಇರುವ ಫೋನ್ ಚಾರ್ಜ್ ಆಗಿರಲಿ.